ಆಮೆಯ ಬಿಲ, ನೀಲಿ ಹಾವು

ಕೇರೆ ತಿನ್ನುವವರ ಊರಿಗೆ ಹೋದರೆ ನಡುತುಂಡು ನನಗೆ ಅನ್ನಬೇಕು ಎಂಬ ಗಾದೆಯನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಅದು ನಿಜವಾಗಿ ತಟ್ಟೆಯಲ್ಲೇ ಬಂದು ಕೂತದ್ದು 1985ರ ವಸಂತದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಆಪ್ ಎಂಬ ಪುಟ್ಟ ಊರಿನಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ತೋಟದ ಮನೆಯಿಂದ ಹೊರಟವಳು ಓದು, ಮದುವೆ, ವೀಸಾ ಅಂತ ಸುತ್ತಿ ಸುತ್ತಿ, ಪಕ್ಕದ ಆಂಡಲೂಜಿಯಾ ಪಟ್ಟಣದ ಔಷಧಿ ಅಂಗಡಿಗೆ ಫಾರ್ಮಸಿಸ್ಟ್ ಆಗಿ ಸೇರಿ ಆರು ತಿಂಗಳಾಗಿತ್ತು. ಅಂಗಡಿಯ ಹುಡುಗಿಯರು ‘ನಮ್ಮೂರ ಜಾತ್ರೆ ನೋಡು ಬಾ’ ಎಂದು ಕರೆದುಕೊಂಡು ಹೋದರು. ಜಾತ್ರೆಯೇನೋ ಹೌದು, ಆದರೆ ದೇವರಿಲ್ಲ. 1960ರಿಂದ ನಡೆದು ಬಂದ ರ‍್ಯಾಟಲ್‌ಸ್ನೇಕ್ ರೋಡಿಯೊ ಅದು. ಬಾಲದ ತುದಿಯಲ್ಲಿ ಗಿಲಕಿ ಆಡಿಸುವ ವಿಷದ ಹಾವುಗಳನ್ನು ಕಾಡಿನಿಂದ ಹಿಡಿದು ತಂದು ಓಟಕ್ಕೆ ಬಿಡುತ್ತಾರೆ, ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ, ಆಮೇಲೆ ಎಣ್ಣೆಯಲ್ಲಿ ಕರಿದು ಮಾರುತ್ತಾರೆ. ಕಾಗದದ ತಟ್ಟೆಯೊಂದನ್ನು ನನ್ನ ಕೈಗೂ ಕೊಟ್ಟರು. ‘ಕೋಳಿಯ ಹಾಗೇ ಇರುತ್ತದೆ’ ಅಂದರು. ಕೋಳಿ ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೇ! ನಡುತುಂಡು ಬೇಡವೆಂದು ನಿಂಬೆ ಶರಬತ್ತು ಕುಡಿದು ಮನೆಗೆ ಬಂದೆ.

ನಮ್ಮ ಮನೆಯಲ್ಲಿ ಹಾವಿನ ಲೆಕ್ಕವೇ ಬೇರೆ ಇತ್ತು. ಭತ್ತದ ಕಣಜದ ಹಿಂದೆ, ಅಡಿಕೆ ಮೂಟೆಗಳ ಸಂದಿಯಲ್ಲಿ ಕೇರೆ ಹಾವು ಕಂಡರೆ ಅಜ್ಜಿ ಯಾರಿಗೂ ಕೋಲು ಎತ್ತಲು ಬಿಡುತ್ತಿರಲಿಲ್ಲ. ‘ಸಂಬಳ ಕೇಳದ ಆಳು ಅದು, ಸುಮ್ನೆ ಇರ‍್ರೋ’ ಅನ್ನುತ್ತಿದ್ದರು. ಇಲಿ ಹಿಡಿಯುವ ಆಳು. ಹಾಗೆಂದು ಊರಿನ ಎಲ್ಲರೂ ಅಜ್ಜಿಯ ಹಾಗಿರಲಿಲ್ಲ. ಉದ್ದ ಇದೆ, ದಪ್ಪ ಇದೆ, ಓಡುತ್ತದೆ ಅನ್ನುವ ಮೂರೇ ತಪ್ಪಿಗೆ ಎಷ್ಟೋ ಕೇರೆಗಳು ಸತ್ತಿವೆ.

ಇಲ್ಲಿ ನಮ್ಮ ಅಂಗಡಿಗೆ ರಕ್ತದೊತ್ತಡದ ಮಾತ್ರೆಗೆ ಬರುತ್ತಿದ್ದ ಮುದುಕರೊಬ್ಬರಿದ್ದರು. ಜಾರ್ಜಿಯಾ ಕಡೆಯವರು, ಪೈನ್ ಮರದ ಕೂಪಿನಲ್ಲಿ ದುಡಿದು ಮುದುಕರಾದವರು. ನಾನು ಶರಬತ್ತು ಕುಡಿದು ಓಡಿ ಬಂದ ಸುದ್ದಿ ಅವರಿಗೂ ತಲುಪಿತ್ತು. ‘ಡಾಕ್, ಗಿಲಕಿ ಹಾವು ಬಿಡಿ, ನೀವು ಬ್ಲೂ ಗೋಫರ್ ನೋಡಬೇಕಿತ್ತು’ ಅಂದರು. ಹುಡುಗನಾಗಿದ್ದಾಗ ಆಮೆಯ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದ ಕಪ್ಪು ಹಾವನ್ನು ಬರಿಗೈಯಲ್ಲಿ ಎತ್ತಿ ಅಂಗಿಯೊಳಗೆ ಹಾಕಿಕೊಂಡು ಮನೆಗೆ ಬರುತ್ತಿದ್ದರಂತೆ. ಕಚ್ಚುತ್ತಿರಲಿಲ್ಲವೇ ಅಂದೆ. ‘ಅದಕ್ಕೆ ಕಚ್ಚುವುದು ಗೊತ್ತಿದ್ದರೆ ಇವತ್ತಿಗೂ ಇರುತ್ತಿತ್ತು’ ಅಂದರು. ಆ ಮಾತಿನ ಹಿಂದೆ ಬಿದ್ದು ನಾನು ಓದಿದ್ದು, ಕೇಳಿದ್ದು, ನೋಡಿದ್ದು ಈಗ ನಲವತ್ತು ವರ್ಷದ ಗಂಟಾಗಿದೆ.

ಅವರು ಬ್ಲೂ ಗೋಫರ್ ಎಂದ ಹಾವಿಗೆ ಪುಸ್ತಕದ ಹೆಸರು ಈಸ್ಟರ್ನ್ ಇಂಡಿಗೊ. ವಿಷವಿಲ್ಲ. ಅಮೆರಿಕದ ಮೂಲವಾಸಿ ಹಾವುಗಳಲ್ಲೇ ಉದ್ದವಾದದ್ದು. ಗಂಡು ಎಂಟು ಅಡಿ ಮೀರುವುದುಂಟು. ಇಂಡಿಗೊ ಎಂಬ ಪದವೇ ನಮ್ಮ ಇಂಡಿಯಾದಿಂದ ಹೋದದ್ದು. ನೀಲಿ ಬಣ್ಣವನ್ನು ಗ್ರೀಕರು ಹಿಂದೂದೇಶದ ಸರಕು ಎಂದು ಕರೆದರು, ಆ ಹೆಸರೇ ಸವೆದು ಸವೆದು ಕ್ಯಾರೊಲಿನಾ, ಜಾರ್ಜಿಯಾಗಳ ನೀಲಿ ತೋಟಗಳಿಗೆ ಬಂತು, ಅಲ್ಲಿಂದ ಹಾವಿನ ಮೈಗೂ ಅಂಟಿತು. ನೋಡಿದರೆ ಹಾವು ಕಪ್ಪು. ಬಿಸಿಲು ಬಿದ್ದಾಗ ಮಾತ್ರ ಮಳೆಯಲ್ಲಿ ತೊಳೆದ ನೇರಳೆ ಹಣ್ಣಿನ ಹಾಗೆ ಒಳಗಿನಿಂದ ನೀಲಿ ಏಳುತ್ತದೆ. ಗಲ್ಲದ ಕೆಳಗೆ ಕುಂಕುಮ ಒರೆಸಿದ ಹಾಗೆ ಕೆಂಪು.

ಅದನ್ನು ಪುಸ್ತಕಕ್ಕೆ ಸೇರಿಸಿದವರು ಚಾರ್ಲ್ಸ್‌ಟನ್‌ನ ವೈದ್ಯ ಜಾನ್ ಎಡ್ವರ್ಡ್ಸ್ ಹಾಲ್‌ಬ್ರೂಕ್, 1842ರಲ್ಲಿ. ಅವರಿಗೆ ಹಾವನ್ನು ಕಳಿಸಿಕೊಟ್ಟವರು ಜಾರ್ಜಿಯಾದ ಆಲ್ಟಮಹಾ ನದಿಯ ದಂಡೆಯ ದೊಡ್ಡ ತೋಟಗಾರ ಜೇಮ್ಸ್ ಹ್ಯಾಮಿಲ್ಟನ್ ಕೂಪರ್. ಹಾಗಾಗಿ ಹಾವಿನ ಲ್ಯಾಟಿನ್ ಹೆಸರು ಕೂಪೆರಿ. ಕೂಪರ್ ವಿದ್ಯಾವಂತ, ಪಳೆಯುಳಿಕೆ, ಚಿಪ್ಪು, ಹಾವು ಎಲ್ಲದರಲ್ಲೂ ಆಸಕ್ತಿಯಿದ್ದವರು. ಅವರ ತೋಟದಲ್ಲಿ ನೂರಾರು ಗುಲಾಮರು ದುಡಿಯುತ್ತಿದ್ದರು. ಆ ಹಾವಿಗೆ ಮೊದಲು ಕೈ ಹಾಕಿದವರು ಕೂಪರರೇ ಎಂದು ನಂಬುವುದು ನನಗೆ ಕಷ್ಟ. ಮರುವರ್ಷ ಆಸ್ಟ್ರಿಯಾದ ಫಿಟ್ಸಿಂಗರ್ ಈ ಹಾವುಗಳ ಕುಲಕ್ಕೆ ಡ್ರೈಮಾರ್ಕನ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅಡವಿಯ ಒಡೆಯ ಎಂದರ್ಥ.

ಒಡೆಯ ಅನ್ನುವುದಕ್ಕೆ ಕಾರಣವಿದೆ. ಇದು ಉಳಿದ ಹಾವುಗಳನ್ನೇ ತಿನ್ನುತ್ತದೆ, ಗಿಲಕಿ ಹಾವನ್ನೂ ಬಿಡುವುದಿಲ್ಲ. ಸುತ್ತಿ ಹಿಸುಕುವ ಜಾತಿಯಲ್ಲ. ದವಡೆಯಲ್ಲಿ ಕಚ್ಚಿ ಹಿಡಿದು, ನೆಲಕ್ಕೆ ಒತ್ತಿ, ಅರೆದು ನುಂಗುತ್ತದೆ. ನಮ್ಮ ಕಾಳಿಂಗ ಹಾವು ತಿನ್ನುವ ಕತೆ ಕೇಳಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು. ಇಷ್ಟೆಲ್ಲ ಶೂರ ಮನುಷ್ಯನ ಕೈಗೆ ಬಂದರೆ ಮಾತ್ರ ಹಸುಗೂಸು. ಹೆದರಿದಾಗ ಕತ್ತನ್ನು ಚಪ್ಪಟೆ ಮಾಡಿ ಬುಸ್ ಎನ್ನುತ್ತದೆ, ಬಾಲ ಅದುರಿಸುತ್ತದೆ, ಗಬ್ಬು ನಾತದ ದ್ರವ ಬಿಡುತ್ತದೆ. ಕಚ್ಚುವುದು ಬಹಳ ಅಪರೂಪ. ಅಲ್ಲಿಗೇ ಅದರ ಕರ್ಮ ಶುರುವಾಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಊರೂರಿಗೆ ಸರ್ಕಸ್, ಕಾರ್ನಿವಲ್ ಬರುತ್ತಿದ್ದವು. ಹಾವನ್ನು ಕೊರಳಿಗೆ, ತೋಳಿಗೆ ಸುತ್ತಿಕೊಂಡು ನಿಲ್ಲುವ ಹೆಂಗಸು ಅವುಗಳಲ್ಲಿ ಇರಲೇಬೇಕು. ದೊಡ್ಡದು, ಮಿರುಗುವುದು, ಕಚ್ಚದು: ಆ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಹಾವು ಎಲ್ಲಿ ಸಿಗಬೇಕು? ಫ್ಲಾರಿಡಾದ ಹೆದ್ದಾರಿಯುದ್ದಕ್ಕೂ ಪ್ರವಾಸಿಗಳಿಗೆ ಮೊಸಳೆ, ಹಾವು ತೋರಿಸಿ ಕಾಸು ಮಾಡುವ ತಾಣಗಳೆದ್ದವು. ಮನೆಯಲ್ಲಿ ಹಾವು ಸಾಕುವ ಹವ್ಯಾಸವೂ ಬೆಳೆಯಿತು. ಈ ದೇಶದಲ್ಲಿ ನಾಯಿ ಬೆಕ್ಕಿನ ಹಾಗೆ ಹಾವು ಸಾಕುತ್ತಾರೆ ಅಂತ ಮೊದಲ ಸಲ ಪತ್ರ ಬರೆದಾಗ ಅಜ್ಜಿ ನಂಬಿರಲಿಲ್ಲ. ‘ಹಾಲು ಹಾಕ್ತಾರಂತಾ?’ ಎಂದು ಅಪ್ಪನ ಕೈಲಿ ಬರೆಸಿದ್ದರು. ನಮ್ಮ ಮುದುಕರು ಹುಡುಗನಾಗಿದ್ದಾಗ ಅಂಗಿಯೊಳಗೆ ತಂದ ಹಾವುಗಳೂ ಹೀಗೇ ದಾರಿಬದಿಯ ಅಂಗಡಿಗೆ ಹೋದವು. ಆ ದುಡ್ಡಿನಲ್ಲಿ ಅವರು ಬೇಸ್‌ಬಾಲ್ ಗ್ಲೌಸ್ ತೆಗೆದುಕೊಂಡರಂತೆ.

ಸಾಕಿದವರು ಬರಿಯ ತಮಾಷೆಯವರೇ ಆಗಿರಲಿಲ್ಲ. ಮುಂದೆ ಹವಾಯಿಯ ಹಣ್ಣುನೊಣಗಳ ಸಂಶೋಧನೆಯಿಂದ ಹೆಸರಾದ ಹ್ಯಾಂಪ್ಟನ್ ಕಾರ್ಸನ್ ತರುಣರಿದ್ದಾಗ ಇಂಡಿಗೊ ಹಾವಿನ ಮೇಲೂ ಬರೆದಿದ್ದಾರೆ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಮುಖ ನೋಡದೆ ಒಂಟಿಯಾಗಿದ್ದ ಹೆಣ್ಣು ಹಾವು ಫಲಿತ ಮೊಟ್ಟೆ ಇಟ್ಟಿತೆಂದು 1945ರಲ್ಲಿ ಅವರು ಪ್ರಕಟಿಸಿದರು. ಹಳೆಯ ಮಿಲನದ ವೀರ್ಯವನ್ನು ಅಷ್ಟು ವರ್ಷ ಒಡಲಲ್ಲಿ ಕಾದಿಟ್ಟುಕೊಂಡಿತ್ತು ಎಂಬುದು ಅವರ ತೀರ್ಮಾನ. ಗಂಡಿನ ಹಂಗೇ ಇಲ್ಲದೆ ಆಗಿರಲೂಬಹುದು ಎಂದು ಈಗಿನ ಕೆಲವರು ಹೇಳುತ್ತಾರೆ. ಕುಂತಿಯ ಕತೆ ಕೇಳಿದ ನಮಗೆ ಎರಡೂ ಅಷ್ಟೇನು ಅಚ್ಚರಿಯಲ್ಲ ಬಿಡಿ.

ಹಾವು ಹಿಡಿದು ಮಾರಿದ್ದರಿಂದಲೇ ಅದು ಅಳಿಯಿತು ಎಂದರೆ ಪೂರ್ತಿ ನಿಜವಲ್ಲ. ಅದಕ್ಕೆ ಇರಲು ಮನೆಯೂ ಹೋಯಿತು. ಮನೆ ಅಂದರೆ ಗೋಫರ್ ಆಮೆಯ ಬಿಲ. ಈ ಆಮೆ ನೀರಿನದಲ್ಲ, ಒಣ ಮರಳು ನೆಲದ್ದು. ಮುಂಗಾಲನ್ನು ಗುದ್ದಲಿಯ ಹಾಗೆ ಬೀಸಿ ಹದಿನೈದು ಅಡಿ, ಕೆಲವೊಮ್ಮೆ ಅದಕ್ಕೂ ಎಷ್ಟೋ ಉದ್ದದ ಸುರಂಗ ತೋಡುತ್ತದೆ. ಒಳಗೆ ಚಳಿಯಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ, ಕಾಳ್ಗಿಚ್ಚು ಬಂದರೂ ಮೇಲೆ ಹಾದು ಹೋಗುತ್ತದೆ. ಕಪ್ಪೆ, ಇಲಿ, ಜೀರುಂಡೆ, ಹಾವು ಸೇರಿ ಮುನ್ನೂರೈವತ್ತಕ್ಕೂ ಹೆಚ್ಚು ಬಗೆಯ ಜೀವಿಗಳು ಆ ಬಿಲಗಳಲ್ಲಿ ಬಾಡಿಗೆ ಕೊಡದೆ ಇರುತ್ತವೆಂದು ಎಣಿಸಿದ್ದಾರೆ. ಜಾರ್ಜಿಯಾದ ಚಳಿ ಕಳೆಯಲು ಇಂಡಿಗೊ ಹಾವಿಗೆ ಈ ಬಿಲ ಬೇಕೇ ಬೇಕು.

ಆಮೆಗೆ ಬೇಕಾದದ್ದು ಲಾಂಗ್‌ಲೀಫ್ ಪೈನ್ ಕಾಡು. ಮರ ಮರದ ನಡುವೆ ಬಿಸಿಲು ಬಿದ್ದು ಹುಲ್ಲು ಬೆಳೆಯುವ, ಎರಡು ಮೂರು ವರ್ಷಕ್ಕೊಮ್ಮೆ ನೆಲದ ಬೆಂಕಿ ಓಡುವ ಕಾಡು ಅದು. ಒಂದು ಕಾಲಕ್ಕೆ ವರ್ಜೀನಿಯಾದಿಂದ ಟೆಕ್ಸಸ್‌ವರೆಗೆ 9 ಕೋಟಿ ಎಕರೆ ಇತ್ತು. ಟರ್ಪಂಟೈನ್ ಇಳಿಸಿದರು, ಹಡಗಿಗೆ, ಮನೆಗೆ ಕಡಿದರು, ಕಾಗದದ ಗಿರಣಿಗೆ ಬೇಗ ಬೆಳೆಯುವ ಬೇರೆ ಪೈನ್ ನೆಟ್ಟರು, ಬೆಂಕಿ ಕೆಟ್ಟದ್ದೆಂದು ಆರಿಸುತ್ತ ಬಂದರು. ಉಳಿದದ್ದು ಮೂವತ್ತು ಲಕ್ಷ ಎಕರೆಯ ಆಸುಪಾಸು. ಈಚೆಗೆ ಮತ್ತೆ ನೆಟ್ಟು ಸ್ವಲ್ಪ ಏರಿದೆ. ಆಮೆಯನ್ನೂ ಬಿಡಲಿಲ್ಲ. 1930ರ ದಶಕದ ಬಡತನದಲ್ಲಿ ಇಲ್ಲಿನ ಜನ ಆಮೆ ಬೇಯಿಸಿ ತಿಂದು, ಅಧ್ಯಕ್ಷ ಹೂವರ್ ಹೆಸರಲ್ಲಿ ಅದನ್ನು ಹೂವರ್ ಕೋಳಿ ಎಂದು ಕರೆದರು. ಹಸಿದವರ ಗೇಲಿ ಅದು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ತಪ್ಪೆನ್ನುವುದಾದರೆ ಪೆಟ್ರೋಲ್ ಹೊಯ್ದದ್ದನ್ನು ಅನ್ನುತ್ತೇನೆ. ಗಿಲಕಿ ಹಾವೂ ಚಳಿಗಾಲದಲ್ಲಿ ಇದೇ ಬಿಲಗಳಲ್ಲಿ ಅಡಗುತ್ತದೆ. ಹಾವಿನ ಜಾತ್ರೆಗಳಿಗೆ ಹಾವು ಬೇಕು. ಹಿಡಿಯುವವರು ಬಿಲದೊಳಗೆ ಉದ್ದನೆಯ ರಬ್ಬರ್ ಕೊಳವೆ ತೂರಿಸಿ ಈ ತುದಿಯಿಂದ ಸ್ವಲ್ಪ ಪೆಟ್ರೋಲ್ ಬಿಡುತ್ತಿದ್ದರು. ಆವಿಗೆ ಉಸಿರುಗಟ್ಟಿ ಗಿಲಕಿ ಹಾವು ಹೊರಬರುತ್ತಿತ್ತು. ಬಾರದೆ ಒಳಗೇ ಉಳಿದವುಗಳ ಗತಿ ಏನಾಗುತ್ತದೆಂದು ಪರೀಕ್ಷೆ ಮಾಡಿ ನೋಡಿದವರು ಅಬರ್ನ್ ವಿಶ್ವವಿದ್ಯಾಲಯದ ಡ್ಯಾನ್ ಸ್ಪೀಕ್ ಮತ್ತು ರಾಬರ್ಟ್ ಮೌಂಟ್. ಅವರ ಬರಹ ಬಂದದ್ದು 1973ರಲ್ಲಿ. ಈ ಆವಿ ಗಿಲಕಿ ಹಾವಿಗಷ್ಟೇ ತಟ್ಟುವುದಿಲ್ಲ, ಬಿಲದ ಬಾಡಿಗೆದಾರರಿಗೂ ಕುತ್ತು, ಇಂಡಿಗೊ ಹಾವಿಗೂ ಕುತ್ತು ಎಂದು ತಿಳಿಯಿತು. ಗಿಲಕಿ ಹಾವನ್ನು ಬಿಟ್ಟಿಯಾಗಿ ತಿಂದು ಮುಗಿಸುತ್ತಿದ್ದ ಆಳನ್ನೇ ಗಿಲಕಿ ಹಾವಿನ ಹೆಸರಲ್ಲಿ ಕೊಂದರು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರೋ. ಜಾರ್ಜಿಯಾದ ಕ್ಲಾಕ್ಸ್‌ಟನ್ ಊರಿನವರು 2012ರಲ್ಲಿ ತಮ್ಮ ಹಾವು ಹಿಡಿಯುವ ಜಾತ್ರೆಯನ್ನು ಬಿಟ್ಟು ವನ್ಯಜೀವಿ ಉತ್ಸವ ಮಾಡಿಕೊಂಡರು. ಅದೂ ಚೆನ್ನಾಗಿಯೇ ನಡೆಯುತ್ತಿದೆ.

ಅಲಬಾಮಾದಲ್ಲಿ ಕಾಡಿನ ಇಂಡಿಗೊ ಹಾವು ದಾಖಲಾದ ಕೊನೆಯ ವರ್ಷ 1954. ಫ್ಲಾರಿಡಾ 1971ರಲ್ಲಿ ಅದಕ್ಕೆ ರಕ್ಷಣೆ ಕೊಟ್ಟಿತು. 1978ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಹುಟ್ಟಿದ ಮರಿಯನ್ನಾದರೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಲು ಅಲ್ಲಿಂದ ಮುಂದೆ ಕೇಂದ್ರದ ಪರವಾನಗಿ ಬೇಕಾಯಿತು. ಹವ್ಯಾಸಿಗಳಲ್ಲಿ ಇದಕ್ಕೆ ಗೊಣಗಿದವರು ಬಹಳ. ಬೋನಿನಲ್ಲಿ ಹುಟ್ಟಿದ ಹಾವಿಗೂ ಕಾಡಿಗೂ ಏನು ಸಂಬಂಧ ಅಂತ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪೆಟ್ಟಿಗೆಯಲ್ಲಿರುವ ಹಾವಿನ ಹುಟ್ಟೂರು ಕಾಡೋ ಬೋನೋ ಎಂದು ಮುಖ ನೋಡಿ ಹೇಳುವವರು ಯಾರು? ಕಾನೂನು ಬಿಗಿಯಾದದ್ದೇ ಸರಿ ಎಂದು ನನ್ನ ಅಭಿಪ್ರಾಯ. ಅದೇ 1978ರಲ್ಲಿ ಅಲ್ಲಿ ತಮಿಳುನಾಡಿನಲ್ಲಿ, ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಪಾಡು ತಪ್ಪಿದ್ದ ಇರುಳರ ಕೈಗೆ ವಿಷ ತೆಗೆಯುವ ಸಹಕಾರ ಸಂಘ ಬಂತು. ಅದರ ಹಿಂದೆ ನಿಂತ ರಾಮ್ ವಿಟೇಕರ್ ಹಾವಿನ ಕೆಲಸ ಕಲಿತದ್ದು ಫ್ಲಾರಿಡಾದಲ್ಲಿ, ಬಿಲ್ ಹಾಸ್ಟ್ ಅವರ ಮಯಾಮಿ ಸರ್ಪೆಂಟೇರಿಯಂನಲ್ಲಿ. ಅವರೇ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದರು. ನಾನು ಆಗುಂಬೆಯಿಂದ ಇಲ್ಲಿಗೆ ಬಂದೆ, ಅವರು ಇಲ್ಲಿಂದ ಆಗುಂಬೆಗೆ ಹೋದರು ಎಂದು ಮನೆಯವರ ಹತ್ತಿರ ಜಂಬ ಕೊಚ್ಚಿಕೊಳ್ಳುವುದುಂಟು.

ಪೆಟ್ರೋಲಿನ ಲೆಕ್ಕ ಬರೆದ ಸ್ಪೀಕ್ ಸುಮ್ಮನೆ ಕೂರಲಿಲ್ಲ. 1970ರ ದಶಕದ ಕೊನೆಗೆ ಅಬರ್ನ್‌ನಲ್ಲಿ ಹಾವುಗಳನ್ನು ಸಾಕಿ ಮರಿ ಮಾಡಿಸತೊಡಗಿದರು. ಅದು ಸುಲಭದ ಕೆಲಸವಲ್ಲ. ಹೆಚ್ಚಿನ ಹಾವುಗಳು ಬೇಸಿಗೆ ಬಂದಾಗ ಕೂಡಿದರೆ ಇವು ಕೂಡುವುದು ನವೆಂಬರಿನಿಂದ, ಮೈ ಕೊರೆಯುವ ಚಳಿಯಲ್ಲಿ. ಕೋಣೆಯನ್ನು ಬೆಚ್ಚಗಿಟ್ಟು ಮುದ್ದು ಮಾಡಿದರೆ ಅವಕ್ಕೆ ಋತುವೇ ತಿಳಿಯದು. ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವ ಮೊದಲು ಎರಡರ ಹೊಟ್ಟೆಯೂ ತುಂಬಿರಬೇಕು, ಯಾರಾದರೂ ಪಕ್ಕದಲ್ಲೇ ನಿಂತು ನೋಡುತ್ತಿರಬೇಕು. ಹಾವು ತಿನ್ನುವ ಹಾವಿಗೆ ನೆಂಟಸ್ತನ ಮರೆತು ಹೋಗುವುದು ಎಷ್ಟು ಹೊತ್ತಿನ ಮಾತು! ಮೇ ತಿಂಗಳ ಹೊತ್ತಿಗೆ ಎಂಟೋ ಹತ್ತೋ ದೊಡ್ಡ ಮೊಟ್ಟೆ. ಸಿಪ್ಪೆ ರವೆ ಉದುರಿಸಿದ ಹಾಗೆ ಒರಟು. ಹೆಚ್ಚು ಕಾವು ಕೊಟ್ಟರೆ ಕೆಡುತ್ತವೆ. ಮೂರು ತಿಂಗಳು ಕಾದ ಮೇಲೆ, ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ, ಒಂದೂವರೆ ಅಡಿಯ ಮರಿ ಹೊರಬರುತ್ತದೆ. ಮರಿಯ ಮೈಮೇಲೆ ತಿಳಿನೀಲಿ ಗೆರೆಗಳಿರುತ್ತವೆ, ಬೆಳೆಯುತ್ತ ಕಪ್ಪಾಗುತ್ತದೆ. ಆಮೇಲೆ ಊಟದ ಪಾಡು. ಈ ಹಾವಿಗೆ ಹಸಿವು ಜೋರು, ತಿಂದದ್ದು ಬೇಗ ಅರಗುತ್ತದೆ, ಪೆಟ್ಟಿಗೆ ತೊಳೆದು ಮುಗಿಯುವುದಿಲ್ಲ. ಇಲಿ, ಮೀನು, ಕೋಳಿಮರಿ ಏನು ಕೊಟ್ಟರೂ ಸೈ.

1977ರಿಂದ ಹತ್ತು ವರ್ಷ ಸ್ಪೀಕ್ ಮತ್ತು ಜೊತೆಯವರು ಐದು ರಾಜ್ಯಗಳಲ್ಲಿ ಐನೂರಕ್ಕೂ ಹೆಚ್ಚು ಹಾವು ಬಿಟ್ಟರು. ಒಂದು ಕಡೆಯಾದರೂ ನೆಲೆ ನಿಂತ ಸಂಸಾರ ಅನಂತರ ಸಿಗಲಿಲ್ಲ. ಬಿಟ್ಟವುಗಳಲ್ಲಿ ಚಿಕ್ಕವು ಹೆಚ್ಚು, ಒಂದೊಂದು ಜಾಗಕ್ಕೆ ಹಂಚಿ ಹೋದದ್ದು ಕಡಿಮೆ ಎಂದು ಮುಂದಿನವರು ಲೆಕ್ಕ ಹಾಕಿದರು. ಇದ್ದರೂ ಇರಬಹುದು. ನನಗೆ ಕಾಣುವುದು ಇಷ್ಟು: ಮರಿ ಮಾಡಿಸುವುದನ್ನು ಅವರು ಚೆನ್ನಾಗಿಯೇ ಕಲಿತಿದ್ದರು, ಬಿಲವನ್ನು ಮಾತ್ರ ಬೋನಿನಲ್ಲಿ ಹುಟ್ಟಿಸಲು ಬರುವುದಿಲ್ಲ. ಹಾವು ತಯಾರಿತ್ತು, ಕಾಡು ತಯಾರಿರಲಿಲ್ಲ.

ಎರಡನೆಯ ಪ್ರಯತ್ನಕ್ಕೆ ಕಾಲ ಕೂಡಿ ಬಂದದ್ದು ಹೊಸ ಶತಮಾನದಲ್ಲಿ. ನಮ್ಮ ಆಂಡಲೂಜಿಯಾದ ದಕ್ಷಿಣಕ್ಕೆ, ಫ್ಲಾರಿಡಾ ಗಡಿಗೆ ತಾಗಿದ ಕನೆಕಾ ರಾಷ್ಟ್ರೀಯ ಅರಣ್ಯದಲ್ಲಿ ಅಷ್ಟರಲ್ಲಿ ಮತ್ತೆ ಲಾಂಗ್‌ಲೀಫ್ ನೆಟ್ಟು, ಅರಣ್ಯದವರೇ ಲೆಕ್ಕ ಹಾಕಿ ಬೆಂಕಿ ಕೊಡುತ್ತಿದ್ದರು. ಆ ಹೊಗೆಗೆ ನಮ್ಮ ಅಂಗಡಿಯಲ್ಲಿ ಉಬ್ಬಸದ ಇನ್‌ಹೇಲರ್‌ಗೆ ಸಾಲು ನಿಲ್ಲುತ್ತಿತ್ತು, ನಾನೂ ಬೈದಿದ್ದೇನೆ. ಹಾವಿನ ಸಲುವಾಗಿ ಅಂತ ಗೊತ್ತಾದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಯಿತು. 2008ರಲ್ಲಿ ಥಾಮಸ್ ಕಾಪ್ಲನ್ ಎಂಬ ಹಣವಂತರು ಮಗಳ ಹೆಸರಲ್ಲಿ ಓರಿಯಾನ್ ಸೊಸೈಟಿ ಕಟ್ಟಿದರು. ಫ್ಲಾರಿಡಾದ ಯೂಸ್ಟಿಸ್ ಬಳಿ ಈ ಹಾವಿಗೆಂದೇ ಒಂದು ಸಂತಾನವೃದ್ಧಿ ಕೇಂದ್ರ ಎದ್ದಿತು. ಈಗ ಅದನ್ನು ಸೆಂಟ್ರಲ್ ಫ್ಲಾರಿಡಾ ಮೃಗಾಲಯ ನಡೆಸುತ್ತದೆ. ಈ ಸಲ ಅವಸರ ಮಾಡಲಿಲ್ಲ. ಜಾರ್ಜಿಯಾದ ಕಾಡಿನಿಂದ ತಂದ ಹಾವುಗಳ ಮರಿಗಳನ್ನು ಎರಡು ವರ್ಷದ ತನಕ ಅಟ್ಲಾಂಟಾದ ಮೃಗಾಲಯದಲ್ಲಿ ಬೆಳೆಸಿ, ಗಿಡುಗ, ಕಾಡುಹಂದಿಗೆ ಸುಲಭದ ತುತ್ತಾಗದಷ್ಟು ಉದ್ದವಾದ ಮೇಲೆ ಕಾಡಿಗೆ ತಂದರು.

2010ರ ಜೂನ್‌ನಲ್ಲಿ ಕನೆಕಾದಲ್ಲಿ ಮೊದಲ ತಂಡ ಬಿಟ್ಟರು, ಹದಿನೇಳು ಹಾವು. ಒಡಲಲ್ಲಿ ಪುಟ್ಟ ರೇಡಿಯೊ ಇಟ್ಟು ಅಬರ್ನ್‌ನವರು ಹಿಂದೆ ಹಿಂದೆ ಅಲೆದರು. ಕೆಲವನ್ನು ನೇರ ಕಾಡಿಗೆ, ಕೆಲವನ್ನು ಬೇಲಿಯೊಳಗೆ ಸ್ವಲ್ಪ ದಿನ ಇಟ್ಟು ರೂಢಿ ಮಾಡಿಸಿ ಬಿಟ್ಟು ನೋಡಿದರು. ಒಟ್ಟು ಮುನ್ನೂರು ಹಾವು ಬಿಡಬೇಕೆಂಬುದು ಗುರಿ. ಆ ವರ್ಷ ನಮ್ಮ ಪಟ್ಟಣದ ಗ್ರಂಥಾಲಯಕ್ಕೆ ಒಂದು ಹಾವನ್ನು ಮಕ್ಕಳಿಗೆ ತೋರಿಸಲು ತಂದಿದ್ದರು. ಮಕ್ಕಳ ಸಾಲಿನ ಹಿಂದೆ ನಾನೂ ನಿಂತೆ. ಕೈಗೆ ಕೊಟ್ಟಾಗ ಭಾರಕ್ಕೆ ತೋಳು ಕೆಳಗಿಳಿಯಿತು. ತಣ್ಣಗಿತ್ತು, ಒಣಗಿತ್ತು, ನಾಲಗೆ ಚಾಚಿ ನನ್ನ ಬಳೆಯನ್ನು ಮೂಸಿತು. ಆಮೇಲೆ ಸೀರೆಯ ಮೇಲೆಲ್ಲ ಗಬ್ಬು ನಾತ ಬಿಟ್ಟಿತು. ಆ ಸೀರೆ ಎರಡು ಸಲ ಒಗೆದರೂ ಸರಿಯಾಗಲಿಲ್ಲ. ಮುದುಕರಿಗೆ ಹೇಳೋಣವೆಂದರೆ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು.

ನಡುವೆ ಪಂಡಿತರ ಜಗಳವೂ ಒಂದಾಯಿತು. ಮೆಕ್ಸಿಕೊ ಕೊಲ್ಲಿಯ ಕಡೆಯ ಇಂಡಿಗೊ ಬೇರೆಯೇ ಜಾತಿ ಎಂದು 2016ರಲ್ಲಿ ಕೆಲವರು ಬರೆದರು. ಹಾಗಾದರೆ ಜಾರ್ಜಿಯಾದ ಹಾವನ್ನು ಅಲಬಾಮಾದಲ್ಲಿ ಬಿಟ್ಟದ್ದು ತಪ್ಪಾಯಿತಲ್ಲ! ಅಷ್ಟು ವ್ಯತ್ಯಾಸವಿಲ್ಲ, ಒಂದೇ ಜಾತಿ ಎಂದು ಬೇರೆಯವರು ಉತ್ತರ ಕೊಟ್ಟರು. ಹಾವುಗಳು ಈ ಚರ್ಚೆಯಲ್ಲಿ ಭಾಗವಹಿಸಲಿಲ್ಲ. 2017ರಲ್ಲಿ ಫ್ಲಾರಿಡಾದ ಆಪಲಾಚಿಕೋಲಾ ನದಿಯ ದಂಡೆಯ ರಕ್ಷಿತ ಕಾಡಿನಲ್ಲೂ ಹನ್ನೆರಡು ಹಾವು ಬಿಟ್ಟರು. ಅಲ್ಲಿ ಕಾಡಿನ ಇಂಡಿಗೊ ಕೊನೆಗೆ ಕಂಡದ್ದು 1982ರಲ್ಲಿ. ಬಿಟ್ಟ ಹಾವುಗಳಿಗೇ ಹುಟ್ಟಿದ ಮರಿಗಳು ಅಲ್ಲಿ 2023ರಲ್ಲಿ ಸಿಕ್ಕವು.

ನಮ್ಮ ಕನೆಕಾದಲ್ಲಿ ಅದಕ್ಕಿಂತ ಮೊದಲೇ ಸಿಕ್ಕಿತ್ತು. 2020ರಲ್ಲಿ, ಎಲ್ಲರೂ ಕೊರೊನಾಕ್ಕೆ ಬಾಗಿಲು ಹಾಕಿಕೊಂಡ ವರ್ಷ, ಒಂದು ಮರಿ. ಸಾಕಿ ಬಿಟ್ಟದ್ದಲ್ಲ, ಅಲ್ಲೇ ಯಾವುದೋ ಬಿಲದಲ್ಲಿ ಮೊಟ್ಟೆಯೊಡೆದು ಬಂದದ್ದು. ಅಲಬಾಮಾದ ಕಾಡಿನಲ್ಲಿ ಅರವತ್ತು ವರ್ಷಗಳ ಮೇಲೆ ಹುಟ್ಟಿದ ಮೊದಲ ಇಂಡಿಗೊ. ಚಿತ್ರವನ್ನು ವಾಟ್ಸಪ್‌ನಲ್ಲಿ ಊರಿಗೆ ಕಳಿಸಿದೆ. ‘ಕೇರೆ ಮರಿ ಅಲ್ವಾ ಅಕ್ಕ, ಇದಕ್ಕೇನು ಇಷ್ಟು ಸಂಭ್ರಮ?’ ಎಂದು ತಮ್ಮ ಬರೆದ. ಎರಡನೆಯ ಮರಿ 2022ರಲ್ಲಿ ಸಿಕ್ಕಿತು.

ಈ ಕಡೆ ಯಾರಾದರೂ ಬಂದರೆ ಒಂದು ಮಾತು. ಕನೆಕಾ ಕಾಡಿನ ಮಣ್ಣು ರಸ್ತೆಯಲ್ಲಿ ಕಾರು ನಿಧಾನ ಓಡಿಸಿ. ಈ ಹಾವು ರಸ್ತೆ ದಾಟುವುದು ಹಗಲು ಹೊತ್ತಿನಲ್ಲೇ, ಅದಕ್ಕೆ ಅವಸರವಿಲ್ಲ.